ಕಾಲೇಜಿನ ಶಿಶುಕೇಂದ್ರಕ್ಕೆ ಮುಖ್ಯಸ್ಥರು ಯಾರಾಗಬೇಕು, ಸಿಬ್ಬಂದಿಯ ಹಿನ್ನೆಲೆ ಏನಿರಬೇಕು?

ಕೋಡಿಬಾಗದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಒಂದು ಕಾಲೇಜಿನಲ್ಲಿ ಪಾಠ ಹೇಳುವವಳು. ನಮ್ಮ ಆವರಣದಲ್ಲಿ ಸಿಬ್ಬಂದಿಯ ಹಾಗೂ ಸ್ನಾತಕೋತ್ತರ ವಿದ್ಯಾರ್ಥಿನಿಯರ ಮಕ್ಕಳಿಗಾಗಿ, ಅಂದರೆ ಎರಡರಿಂದ ಆರು ವರ್ಷದವರಿಗಾಗಿ, ಒಂದು ಶಿಶುಕೇಂದ್ರ ತೆರೆಯುವ ಪ್ರಸ್ತಾವವಿದ್ದು, ಕರಡು ಸಿದ್ಧಪಡಿಸುವ ಸಮಿತಿಯಲ್ಲಿ ನನ್ನ ಹೆಸರೂ ಇದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನೆಯ ವ್ಯವಸ್ಥೆ ಮಾಡಬೇಕಾಗಿರುವುದರಿಂದ ಆಡಳಿತದವರು ತಕರಾರಿಲ್ಲದೆ ಒಪ್ಪಿದರು. ತಕರಾರು ಶುರುವಾದದ್ದು ಯಾರನ್ನು ನೇಮಿಸಬೇಕು ಎಂಬಲ್ಲಿ. ಇದು ಬರಿಯ ಮಗು ನೋಡಿಕೊಳ್ಳುವ ಜಾಗವಾಗದೆ ವಿಶ್ವವಿದ್ಯಾಲಯದ ಮಟ್ಟದ ಕೇಂದ್ರವಾಗಬೇಕೆಂಬ ಮಾತು ಬಂದು, ಕರಡಿನಲ್ಲಿ ಈಗ ಮೂರು ಸಾಲುಗಳಿವೆ: ನಿರ್ದೇಶಕರಿಗೆ ಪಿಎಚ್‌.ಡಿ., ಶಿಕ್ಷಕಿಯರಿಗೆ ಬಿ.ಎಡ್‌., ಆಯಾಗಳು "ಓದುಬರಹ ಬಲ್ಲವರಾಗಿರಬೇಕು". ಮೊದಲನೆಯ ಸಾಲಿನ ಮೇಲೆ ಎರಡು ಸಭೆ ನಡೆದವು. ಮೂರನೆಯ ಸಾಲಿನ ಮೇಲೆ ಎರಡು ನಿಮಿಷವೂ ಚರ್ಚೆಯಾಗಲಿಲ್ಲ. ದಿನಕ್ಕೆ ಎಂಟು ಗಂಟೆ ಮಕ್ಕಳ ಕೈ ಹಿಡಿದಿರುವವರು ಆ ಮೂರನೆಯ ಸಾಲಿನವರೇ ಆದ್ದರಿಂದ ನನಗೆ ಇದು ಸರಿಕಾಣದೆ ಇಲ್ಲಿ ಕೇಳುತ್ತಿದ್ದೇನೆ. ಈ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ.

ಅಂಕೋಲೆಯ ನಿವೃತ್ತ ಮೇಲ್ವಿಚಾರಕಿ

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ನಿಮ್ಮ ಕರಡಿನ ಎರಡನೆಯ ಸಾಲಿನಿಂದ ಶುರುಮಾಡುತ್ತೇನೆ, ಏಕೆಂದರೆ ಅದು ಮೇಲ್ನೋಟಕ್ಕೆ ಸರಿಯಾಗಿ ಕಾಣುವ ತಪ್ಪು. ಬಿ.ಎಡ್‌. ಎಂಬುದು ದೊಡ್ಡ ತರಗತಿಗಳ ಮಕ್ಕಳಿಗೆ ವಿಷಯ ಬೋಧಿಸಲು ಕೊಡುವ ತರಬೇತಿ. ಒಂದರಿಂದ ಐದನೆಯ ತರಗತಿಯ ಶಿಕ್ಷಕರ ಹುದ್ದೆಗೂ ಬಿ.ಎಡ್‌. ಅರ್ಹತೆಯಲ್ಲವೆಂದು ಸುಪ್ರೀಂ ಕೋರ್ಟು 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿರುವಾಗ, ಮೂರು ವರ್ಷದ ಮಗುವಿಗೆ ಅದನ್ನು ಅರ್ಹತೆಯೆಂದು ಬರೆಯುವುದು ಹೇಗೆ? ಪೂರ್ವ ಪ್ರಾಥಮಿಕಕ್ಕೆಂದೇ ಎರಡು ವರ್ಷದ ಡಿಪ್ಲೊಮಾ ಇದೆ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಅದಕ್ಕೆ ಮಾನದಂಡ ಹಾಕಿಕೊಟ್ಟಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅಂಗನವಾಡಿ ಕಾರ್ಯಕರ್ತೆಯರ ವಿಷಯದಲ್ಲಿ ಬಿ.ಎಡ್‌. ಮಾತೆತ್ತಿಲ್ಲ. ಪಿಯುಸಿ ಮತ್ತು ಅದಕ್ಕಿಂತ ಹೆಚ್ಚು ಓದಿದವರಿಗೆ ಆರು ತಿಂಗಳ ಪ್ರಮಾಣಪತ್ರ, ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದಿದೆ.

ಇನ್ನು ಮೂರನೆಯ ಸಾಲು. ನನ್ನ ವಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೇಂದ್ರಗಳಿದ್ದವು. ಯಾವ ಬಾಲವಾಡಿಯಲ್ಲಿ ಅಕ್ಕೋರು, ಅಂದರೆ ಪಾಠ ಹೇಳುವ ಕಾರ್ಯಕರ್ತೆ, ಒಳ್ಳೆಯವರಾಗಿದ್ದು ಸಹಾಯಕಿ ಸಿಡುಕಿಯಾಗಿದ್ದಳೋ, ಅಲ್ಲಿಗೆ ಮಕ್ಕಳು ಅತ್ತುಕೊಂಡೇ ಬರುತ್ತಿದ್ದವು. ಅಕ್ಕೋರು ದಾಖಲೆ ಬರೆಯುವಾಗ, ಸಭೆಗೆ ಹೋದಾಗ, ತೂಕದ ದಿನ ತಾಯಂದಿರೊಡನೆ ಮಾತಾಡುವಾಗ ಮಕ್ಕಳು ಇರುವುದು ಸಹಾಯಕಿಯ ಕೈಯಲ್ಲಿ. ಊಟ ಬಡಿಸುವವಳು, ಮೂಗು ಒರೆಸುವವಳು, ಚಡ್ಡಿ ಬದಲಿಸುವವಳು ಅವಳೇ. ಆ ಹುದ್ದೆಯ ಹಿನ್ನೆಲೆಯನ್ನು ಒಂದು ಸಾಲಿನಲ್ಲಿ ಮುಗಿಸಿದವರು ಒಂದು ದಿನವೂ ಬಾಲವಾಡಿಯಲ್ಲಿ ಕುಳಿತವರಲ್ಲ ಎಂದು ನಾನು ಹೇಳಬಲ್ಲೆ.

ಸಮಿತಿಯ ಇನ್ನೊಬ್ಬ ಸದಸ್ಯ

ಮೇಡಂ ಅವರು ಈ ವಿಷಯವನ್ನು ಸಾರ್ವಜನಿಕವಾಗಿ ತಂದದ್ದಕ್ಕೆ ನನ್ನ ಆಕ್ಷೇಪವಿಲ್ಲ, ಆದರೆ ಪಿಎಚ್‌.ಡಿ. ಎಂದು ಬರೆಸಿದವನು ನಾನೇ ಆದ್ದರಿಂದ ಕಾರಣ ಹೇಳಬೇಕು. ವಿಶ್ವವಿದ್ಯಾಲಯದ ಹೆಸರಿನಲ್ಲಿ ನಡೆಯುವ ಶಿಶುಕೇಂದ್ರಕ್ಕೆ ಆರೈಕೆಯ ಜೊತೆಗೆ ಅಧ್ಯಯನದ ಹೊಣೆಯೂ ಇರುತ್ತದೆ. ಅಮೆರಿಕದ ಅಯೋವಾದಲ್ಲಿ 1917ರಲ್ಲಿ ಸ್ಥಾಪನೆಯಾದ ಶಿಶುಕಲ್ಯಾಣ ಸಂಶೋಧನಾ ಕೇಂದ್ರವಾಗಲಿ, ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದ ಬಿಂಗ್‌ ನರ್ಸರಿ ಶಾಲೆಯಾಗಲಿ ನಡೆದುಬಂದದ್ದು ಹಾಗೆ. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ಕಾದರೆ ಎರಡು ಕೊಡುತ್ತೇನೆಂದು ಹೇಳಿ ನೋಡಿದ ವಾಲ್ಟರ್‌ ಮಿಷೆಲ್‌ ಅವರ ಪ್ರಯೋಗಗಳು ಆ ಬಿಂಗ್‌ ಶಾಲೆಯ ಮಕ್ಕಳ ಮೇಲೆಯೇ ಆದವು. ನಮ್ಮಲ್ಲಿ ಬರೋಡದ ಮಹಾರಾಜ ಸಯಾಜಿರಾವ್‌ ವಿಶ್ವವಿದ್ಯಾಲಯದ ಮಕ್ಕಳ ಬೆಳವಣಿಗೆಯನ್ನೂ ಅಧ್ಯಯನ ಮಾಡುವ ಮಾನವ ಅಭಿವೃದ್ಧಿ ವಿಭಾಗ ಚೇತನ್‌ ಬಾಲವಾಡಿಯನ್ನು ನಡೆಸುತ್ತದೆ. ಇಂಥ ಕಡೆ ಸಂಶೋಧನೆಯ ಭಾಷೆ ತಿಳಿಯದವರು ಮುಖ್ಯಸ್ಥರಾದರೆ, ಶೈಕ್ಷಣಿಕ ಮಂಡಳಿಯಲ್ಲಿ ಅವರ ಮಾತು ನಡೆಯುವುದಿಲ್ಲ, ಅನುದಾನವೂ ಬರುವುದಿಲ್ಲ. ನನ್ನದು ಪದವಿಯ ವ್ಯಾಮೋಹವಲ್ಲ.

ಸದಾಶಿವಗಡದ ಮಗಳು, ಸದ್ಯ ಅಮೆರಿಕದಲ್ಲಿ

ನಾನು ಇಲ್ಲಿನ ಒಂದು ವಿಶ್ವವಿದ್ಯಾಲಯದ ಶಿಶುಕೇಂದ್ರದಲ್ಲಿ ಸಹಶಿಕ್ಷಕಿ. ನನ್ನ ಮಗನೂ ಅಲ್ಲಿಯೇ ಇದ್ದ. ಇಲ್ಲಿ ಇಂಥ ಕೇಂದ್ರಗಳು ಪೋಷಕರಿಗೆ ಸಿಬ್ಬಂದಿ ಪರಿಚಯದ ಪತ್ರಿಕೆಯೊಂದನ್ನು ಕೊಡುವುದು ವಾಡಿಕೆ. ನಿರ್ದೇಶಕಿ ಎಲ್ಲಿ ಓದಿದವರು, ಎಷ್ಟು ವರ್ಷ ತರಗತಿಯಲ್ಲಿ ಕೆಲಸ ಮಾಡಿದವರು, ಮುಖ್ಯ ಶಿಕ್ಷಕಿ ಯಾರು, ಸಹಶಿಕ್ಷಕಿ ಯಾರು, ಅಡುಗೆಯವರು ಯಾರು ಎಂಬುದೆಲ್ಲ ಅದರಲ್ಲಿರುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಾನು ಎಲ್ಲರಂತೆ ನಿರ್ದೇಶಕಿಯ ಸ್ನಾತಕೋತ್ತರ ಪದವಿಯನ್ನು ಓದಿ ಸಮಾಧಾನಪಟ್ಟುಕೊಂಡೆ. ಈಗ ಯಾರಾದರೂ ಹೊಸ ತಾಯಂದಿರು ಕೇಳಿದರೆ, ಪದವಿಗಿಂತ ಮೊದಲು ಸೇರಿದ ವರ್ಷವನ್ನು ನೋಡಿ ಎನ್ನುತ್ತೇನೆ. ನಿರ್ದೇಶಕಿ ಹದಿನೈದು ವರ್ಷದಿಂದ ಇದ್ದು, ಅವರ ಕೈಕೆಳಗಿನವರೆಲ್ಲ ಈ ವರ್ಷ ಸೇರಿದವರಾಗಿದ್ದರೆ, ಮಗು ವರ್ಷಕ್ಕೆ ಮೂರು ಮುಖಗಳಿಗೆ ಒಗ್ಗಿಕೊಳ್ಳಬೇಕಾಗುತ್ತದೆ ಎಂದೇ ಅರ್ಥ. ಇಲ್ಲಿ ಈ ವೃತ್ತಿಯ ಸಂಬಳ ಕಡಿಮೆ, ಆದ್ದರಿಂದ ಬಿಟ್ಟುಹೋಗುವವರು ಬಹಳ.

ನನ್ನ ಬಳಿ ಇರುವುದು ಚಿಕ್ಕ ಮಕ್ಕಳೊಡನೆ ಕೆಲಸ ಮಾಡುವವರಿಗೆ ಇಲ್ಲಿ ಕೊಡುವ ಸಿಡಿಎ ಎಂಬ ಅರ್ಹತಾಪತ್ರ. ಅದಕ್ಕೆ 120 ಗಂಟೆಯ ತರಬೇತಿ, 480 ಗಂಟೆ ಮಕ್ಕಳೊಡನೆ ಕೆಲಸ ಮಾಡಿದ ಅನುಭವ, ಜೊತೆಗೆ ಒಬ್ಬ ಹಿರಿಯರು ಬಂದು ನಾವು ಮಕ್ಕಳೊಡನೆ ಇರುವುದನ್ನು ಕುಳಿತು ನೋಡುವುದು, ಇಷ್ಟೂ ಬೇಕು. ತರಬೇತಿಯ ನಾಲ್ಕು ಪಟ್ಟು ಗಂಟೆಗಳನ್ನು ಮಕ್ಕಳೊಡನೆ ಕಳೆದಿರಬೇಕೆಂದು ಕೇಳುವ ಆ ಲೆಕ್ಕ ನನಗೆ ಬಹಳ ಹಿಡಿಸಿತು.

ಸಂಶೋಧನೆಯ ವಿಷಯಕ್ಕೆ ಬಂದರೆ, ಸಮಿತಿಯ ಸದಸ್ಯರು ಹೇಳಿದ್ದು ಅರ್ಧ ನಿಜ. ನಮ್ಮಲ್ಲಿಗೆ ಮನಶ್ಶಾಸ್ತ್ರ ವಿಭಾಗದವರು ಅಧ್ಯಯನಕ್ಕೆ ಬರುತ್ತಾರೆ, ಅವರಿಗೆಲ್ಲ ಪಿಎಚ್‌.ಡಿ. ಇದೆ. ಆದರೆ ನಿರ್ದೇಶಕಿಯ ಕೆಲಸವೆಂದರೆ ಅವರನ್ನು ಬಾಗಿಲಲ್ಲಿ ನಿಲ್ಲಿಸಿ, ಇವತ್ತು ಈ ಮಗು ನಿದ್ದೆಗೆಟ್ಟಿದೆ, ನಾಳೆ ಬನ್ನಿ ಎಂದು ಹೇಳುವುದು. ಹಾಗೆ ಹೇಳಲು ಬೇಕಾದ ಧೈರ್ಯ ಮಕ್ಕಳ ನಡುವೆ ಕೆಲಸ ಮಾಡಿದವರಿಗೆ ಇರುತ್ತದೆ. ಸ್ವತಃ ಸಂಶೋಧಕರಾದವರಿಗೆ ತಮ್ಮನ್ನು ತಾವೇ ಬಾಗಿಲಲ್ಲಿ ನಿಲ್ಲಿಸಿಕೊಳ್ಳುವುದು ಕಷ್ಟ.

ಕುಮಟೆಯ ಹಳೆಯ ಮಾಸ್ತರು

ನಾನು ಪದವಿಯ ಪರ ಮಾತಾಡುತ್ತೇನೆ, ಯಾರಾದರೂ ಮಾತಾಡಬೇಕಲ್ಲ. ಮಿಚಿಗನ್‌ ರಾಜ್ಯದ ಇಪ್ಸಿಲ್ಯಾಂಟಿಯಲ್ಲಿ 1962ರಲ್ಲಿ ಆರಂಭವಾದ ಪೆರಿ ಶಾಲೆಯ ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. 123 ಬಡ ಮಕ್ಕಳನ್ನು ನಲವತ್ತು ವರ್ಷ ವಯಸ್ಸಾಗುವವರೆಗೂ ಹಿಂಬಾಲಿಸಿ, ಶಿಶುಶಾಲೆಗೆ ಹೋದವರ ಬದುಕು ಹೋಗದವರಿಗಿಂತ ಚೆನ್ನಾಗಿತ್ತೆಂದು ಅವರು ತೋರಿಸಿದರು. ಆದರೆ ಅಲ್ಲಿನ ಶಿಕ್ಷಕಿಯರೆಲ್ಲ ಪದವೀಧರೆಯರಾಗಿದ್ದರು, ವಿಶೇಷ ಮಕ್ಕಳಿಗೆ ಪಾಠ ಹೇಳುವ ಪ್ರಮಾಣಪತ್ರ ಪಡೆದವರಾಗಿದ್ದರು, ವಾರಕ್ಕೊಮ್ಮೆ ಒಂದೂವರೆ ಗಂಟೆ ಪ್ರತಿ ಮಗುವಿನ ಮನೆಗೆ ಹೋಗಿ ತಾಯಿಯ ಎದುರು ಕುಳಿತು ಕೆಲಸ ಮಾಡುತ್ತಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಅಗ್ಗದ ಸಿಬ್ಬಂದಿಯನ್ನಿಟ್ಟುಕೊಂಡು ಆ ಫಲ ಬರಲಿ ಎಂದರೆ ಬರುವುದಿಲ್ಲ. ಅನುಭವವೇ ಸಾಕು ಎಂಬ ಮಾತನ್ನು ಆಡಳಿತದವರ ಕಿವಿಗೆ ಹಾಕಿದರೆ, ಅವರು ಅದನ್ನು ಸಂಬಳ ಇಳಿಸಲು ಬಳಸಿಕೊಳ್ಳುತ್ತಾರೆ. ಮೂವತ್ತು ವರ್ಷ ಶಿಕ್ಷಕರ ತರಬೇತಿಯಲ್ಲಿದ್ದ ನನಗೆ ಈ ಆಟ ಗೊತ್ತಿದೆ.

ಅಂಕೋಲೆಯ ನಿವೃತ್ತ ಮೇಲ್ವಿಚಾರಕಿ

ಮಾಸ್ತರೇ, ಕೊನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಅಂಗನವಾಡಿಯವರಿಗೆ ಗೌರವಧನವೆಂಬ ಹೆಸರಿನಲ್ಲಿ ಕೊಟ್ಟದ್ದೂ ಹಾಗೆಯೇ. ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್‌ 2ರಂದು ಆರಂಭವಾದದ್ದು, ಅವರೂ ಗ್ರಾಚ್ಯುಟಿಗೆ ಅರ್ಹರೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳನ್ನು ಲೆಕ್ಕಹಾಕಿ.

ಶಿರಸಿಯ ಗೃಹವಿಜ್ಞಾನ ಪದವೀಧರೆ

ನಾನು ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ಓದಿದವಳು. ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯವೆಂದು ನಾವು ಕರೆಯುತ್ತಿದ್ದುದಕ್ಕೆ ಈಗ ಸಮುದಾಯ ವಿಜ್ಞಾನ ಮಹಾವಿದ್ಯಾಲಯವೆಂದು ಹೆಸರು. ಶಿರಸಿಯ ಅರಣ್ಯ ಮಹಾವಿದ್ಯಾಲಯವೂ ಅದೇ ವಿಶ್ವವಿದ್ಯಾಲಯದ್ದು, ಆದರೆ ನಮ್ಮೂರಿನಲ್ಲಿ ಅರಣ್ಯಶಾಸ್ತ್ರವೆಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಮಾನವ ಅಭಿವೃದ್ಧಿ ಓದಿದ್ದೇನೆಂದರೆ ಅಡುಗೆ ಕಲಿತು ಬಂದವಳೆಂದು ತಿಳಿಯುತ್ತಾರೆ. ನಿಮ್ಮ ಕರಡಿನಲ್ಲಿ ಯಾವ ವಿಷಯದ ಪಿಎಚ್‌.ಡಿ. ಎಂದೇ ಬರೆದಿಲ್ಲ ಎಂಬುದನ್ನು ಗಮನಿಸಿದಿರಾ? ಹಾಗೆ ಬಿಟ್ಟರೆ ಯಾವುದೋ ವಿಭಾಗದಲ್ಲಿ ಹೆಚ್ಚುವರಿಯಾಗಿರುವ ಪ್ರಾಧ್ಯಾಪಕರೊಬ್ಬರಿಗೆ ಈ ಕೇಂದ್ರವನ್ನು ಹೆಚ್ಚುವರಿ ಪ್ರಭಾರವಾಗಿ ಕೊಡುತ್ತಾರೆ. ನಾನು ಹಿಂದೆ ಕೆಲಸಮಾಡಿದ ಒಂದು ಸಂಸ್ಥೆಯಲ್ಲಿ ಹೀಗೇ ಆಯಿತು. ಪ್ರಭಾರದ ಸಾಹೇಬರು ತಿಂಗಳಿಗೊಮ್ಮೆ ಬಂದು ಸಹಿ ಹಾಕುತ್ತಿದ್ದರು, ಮಕ್ಕಳು ಅವರನ್ನು ಕಂಡರೆ ಚುಚ್ಚುಮದ್ದು ಕೊಡುವ ಡಾಕ್ಟರೆಂದು ತಿಳಿದು ಮೂಲೆ ಸೇರುತ್ತಿದ್ದವು.

ಇನ್ನೊಂದು ಎಚ್ಚರಿಕೆ. ನರ್ಸರಿ ಶಿಕ್ಷಕಿಯರ ತರಬೇತಿ ಎಂಬ ಹೆಸರಿನಲ್ಲಿ ಅಂಚೆಯಲ್ಲಿ ಬರುವ ಪ್ರಮಾಣಪತ್ರಗಳಿವೆ. ಸಂದರ್ಶನದಲ್ಲಿ ಅಂಥವರೊಬ್ಬರನ್ನು, ಕಚ್ಚುವ ಮಗುವನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಪುಸ್ತಕದಲ್ಲಿದ್ದುದನ್ನು ಚೆನ್ನಾಗಿ ಹೇಳಿದರು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಓಡಿಬಂದ ಮಗುವೊಂದು ಅವರ ಸೆರಗು ಹಿಡಿದಾಗ, ಸೀರೆ ಕೊಳೆಯಾಗುತ್ತದೆಂದು ಬಿಡಿಸಿಕೊಂಡರು. ಸಂದರ್ಶನ ಅಲ್ಲಿಗೆ ಮುಗಿಯಿತು. ಪ್ರಮಾಣಪತ್ರದ ಹಿಂದೆ ಎಷ್ಟು ಗಂಟೆಯ ಅಭ್ಯಾಸವಿದೆ, ಯಾವ ಶಿಶುವಿಹಾರದಲ್ಲಿ, ಯಾರ ಕಣ್ಣೆದುರು ಎಂಬುದನ್ನು ಅರ್ಜಿಯ ನಮೂನೆಯಲ್ಲಿಯೇ ಕೇಳಿ.

ಭಟ್ಕಳದ ತಾಯಿ

ಭಾಷೆಯ ಮಾತನ್ನು ಯಾರೂ ಎತ್ತಿಲ್ಲವೆಂದು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ನವಾಯತಿ. ಮಗಳನ್ನು ಮೊದಲು ಸೇರಿಸಿದ ಕಡೆ ಶಿಕ್ಷಕಿಯರೆಲ್ಲ ಇಂಗ್ಲಿಷು, ಕನ್ನಡ ಬಲ್ಲವರು, ಮನೆಮಾತು ಬಲ್ಲವರು ಕಸಗುಡಿಸಲು ಬರುತ್ತಿದ್ದ ಹೆಂಗಸೊಬ್ಬರೇ. ನನ್ನ ಮಗಳು ಮೂರು ತಿಂಗಳು ಅವರ ಹಿಂದೆಯೇ ಸುತ್ತಿದಳು, ಶೌಚಕ್ಕೆ ಹೋಗಬೇಕೆಂದು ಅವರಿಗೆ ಮಾತ್ರ ಹೇಳುತ್ತಿದ್ದಳು. ಅವರು ರಜೆ ಹಾಕಿದ ದಿನ ಬಟ್ಟೆ ಒದ್ದೆಯಾಗಿಯೇ ಮನೆಗೆ ಬರುತ್ತಿದ್ದಳು. ಆ ಹೆಂಗಸಿನ ಹೆಸರು ಸಿಬ್ಬಂದಿ ಪಟ್ಟಿಯಲ್ಲಿರಲಿಲ್ಲ.

ಕೋಡಿಬಾಗದ ಉಪನ್ಯಾಸಕಿ

ತಂಗಿ, ನೀವು ಹೇಳಿದ್ದು ಕಾರವಾರಕ್ಕೂ ಅಷ್ಟೇ ಸಲ್ಲುತ್ತದೆ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಮನೆಯಲ್ಲಿ ಕೊಂಕಣಿಯಾಡುವವರು. "ಮಾಕಾ ನಾಕಾ" ಎಂದು ಮಗು ಅತ್ತರೆ ಬೇಡವೆನ್ನುತ್ತಿದೆಯೆಂದು ತಿಳಿಯದವರು ಮತ್ತೊಂದು ತುತ್ತು ತುರುಕುತ್ತಾರೆ. ನೌಕಾನೆಲೆಯವರ ಮಕ್ಕಳು ಬಂದರೆ ಹಿಂದಿ, ಮಲಯಾಳವೂ ಸೇರುತ್ತವೆ. ಶಿಕ್ಷಣ ನೀತಿಯಲ್ಲಿ ಮನೆಮಾತಿನ ಬಗ್ಗೆ ಹೇಳಿರುವುದನ್ನು ಕರಡಿನ ಪೀಠಿಕೆಯಲ್ಲಿ ಉದ್ಧರಿಸಿದ್ದೇವೆ, ಆದರೆ ನೇಮಕಾತಿಯ ಅರ್ಹತೆಯಲ್ಲಿ ಭಾಷೆಯ ಸಾಲೇ ಇಲ್ಲ ಎಂಬುದು ಈಗ ಹೊಳೆಯುತ್ತಿದೆ.

ಮಲ್ಲಾಪುರದ ತಂದೆ

ನನ್ನದು ಒಂದೇ ಪ್ರಶ್ನೆ. ನಿರ್ದೇಶಕರು ಸಂಜೆ ನಾಲ್ಕಕ್ಕೆ ಮನೆಗೆ ಹೋದಮೇಲೆ, ಪಾಳಿಯ ಕೆಲಸ ಮುಗಿಸಿ ನಾವು ಬರುವ ಆರು ಗಂಟೆಯವರೆಗೆ ಕೇಂದ್ರದ ಹೊಣೆ ಯಾರದು? ಪೋಕ್ಸೋ ಕಾಯ್ದೆಯಲ್ಲಿ, ಕೈಕೆಳಗಿನವರಿಂದಾದ ಅಪರಾಧವನ್ನು ತಿಳಿಸದೆ ಮುಚ್ಚಿಟ್ಟರೆ ಸಂಸ್ಥೆಯ ಉಸ್ತುವಾರಿ ಹೊತ್ತವರಿಗೆ ಒಂದು ವರ್ಷದವರೆಗೆ ಶಿಕ್ಷೆಯಿದೆ. ಪ್ರಭಾರದ ಪ್ರಾಧ್ಯಾಪಕರು ಆ ಹೊಣೆಯನ್ನು ಹೊರುತ್ತಾರೆಯೇ? ಪೊಲೀಸ್‌ ಪರಿಶೀಲನೆ ಆಯಾಗಳಿಗೆ ಮಾತ್ರವೋ ಎಲ್ಲರಿಗೂ ಇದೆಯೋ ಅದನ್ನೂ ಸ್ಪಷ್ಟಪಡಿಸಿ.

ಸಮಿತಿಯ ಇನ್ನೊಬ್ಬ ಸದಸ್ಯ

ಎಲ್ಲರಿಗೂ ಎಂದೇ ಬರೆಸುತ್ತೇನೆ. ಪ್ರಭಾರದ ವಿಷಯದಲ್ಲಿ ಶಿರಸಿಯವರು ಹೇಳಿದ ಅಪಾಯ ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಆದರೂ ಕೇಳುತ್ತೇನೆ: ಬರಿಯ ಕೆಲಸದ ಅನುಭವವುಳ್ಳವರನ್ನು ಮುಖ್ಯಸ್ಥರಾಗಿ ಮಾಡಿ ದೊಡ್ಡದಾದ ಸಂಸ್ಥೆ ನಮ್ಮ ದೇಶದಲ್ಲಿ ಯಾವುದಿದೆ?

ಕುಮಟೆಯ ಹಳೆಯ ಮಾಸ್ತರು

ಪದವಿಯ ಪರ ಮಾತಾಡಿದವನೇ ಇದಕ್ಕೂ ಉತ್ತರ ಕೊಡಬೇಕಾಗಿ ಬಂತು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರು ಮೊದಲು ವಕೀಲರಾಗಿದ್ದರು. ಅವರ ಜೊತೆ ಕೆಲಸ ಮಾಡಲು ಬಂದ ತಾರಾಬಾಯಿ ಮೋಡಕ್‌ ಅವರು ರಾಜಕೋಟೆಯಲ್ಲಿ ಮಹಿಳಾ ಅಧ್ಯಾಪನ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಆ ಹುದ್ದೆಯನ್ನು ಬಿಟ್ಟು ಚಿಕ್ಕ ಮಕ್ಕಳ ನಡುವೆ ನೆಲದ ಮೇಲೆ ಕುಳಿತರು. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಆಮೇಲೆ ಕೋಸಬಾಡದ ಗುಡ್ಡದಲ್ಲಿ ವಾರಲಿ ಬುಡಕಟ್ಟಿನ ಮಕ್ಕಳಿಗಾಗಿ ಅವರು ಕಟ್ಟಿದ್ದನ್ನು ಮುಂದುವರಿಸಿದವರು ಅನುತಾಯಿ ವಾಘ್‌, ಅವರು ಶಾಲಾ ಶಿಕ್ಷಕಿ. ಮಕ್ಕಳು ಬಾಲವಾಡಿಗೆ ಬರದಿದ್ದರೆ ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಲಿ ಎಂದವರು ಇವರು. ರೋಮಿನಲ್ಲಿ 1907ರಲ್ಲಿ ಮೊದಲ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸೊರಿ ವೈದ್ಯೆ, ಆದರೆ ದಿನವಿಡೀ ಆ ಮಕ್ಕಳ ಜೊತೆ ಇರಲು ಅವರು ಆರಿಸಿಕೊಂಡದ್ದು ಆ ಕಟ್ಟಡದ ಕಾವಲುಗಾರನ ಮಗಳನ್ನು. ಇವರಲ್ಲಿ ಓದದವರು ಯಾರೂ ಇರಲಿಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ, ಕಾವಲುಗಾರನ ಮಗಳಿಗೂ ಕಲಿಸಿದವರು ಪಕ್ಕದಲ್ಲಿಯೇ ಇದ್ದರು. ಮೇಲಿನವರು ಓದಿರಬೇಕು, ಕೆಳಗಿನವರ ಪಕ್ಕದಲ್ಲಿ ಕೂರಲು ಸಮಯವೂ ಇರಬೇಕು. ಬರಿಯ ಅನುಭವವೆಂದು ನೀವು ಹೇಳುವುದು ಇವರ್ಯಾರದ್ದೂ ಅಲ್ಲ.

ಸದಾಶಿವಗಡದ ಮಗಳು, ಸದ್ಯ ಅಮೆರಿಕದಲ್ಲಿ

ಮಾಸ್ತರು ಹೇಳಿದ "ಸಮಯ"ವನ್ನು ಲೆಕ್ಕದಲ್ಲಿ ಬರೆಯಬಹುದು. ನಮ್ಮ ನಿರ್ದೇಶಕಿಯ ಹುದ್ದೆಯ ವಿವರದಲ್ಲಿ ವಾರಕ್ಕೆ ಇಂತಿಷ್ಟು ಗಂಟೆ ತರಗತಿಯಲ್ಲಿರಬೇಕೆಂದು ಇದೆ, ಮತ್ತು ಹಿರಿಯ ಶಿಕ್ಷಕಿ ರಜೆಯಲ್ಲಿದ್ದರೆ ಆ ಜಾಗಕ್ಕೆ ಹೋಗುವವರು ಅವರೇ. ಒಂದು ಸಲ ಅವರು ಇಡೀ ವಾರ ಪುಟ್ಟ ಮಕ್ಕಳ ಕೋಣೆಯಲ್ಲಿಯೇ ಇದ್ದರು, ಆ ವಾರ ಕಚೇರಿಯ ಒಂದು ಪತ್ರಕ್ಕೂ ಉತ್ತರ ಹೋಗಲಿಲ್ಲ. ಪೋಷಕರು ಯಾರೂ ದೂರಲಿಲ್ಲ.

ಅಂಕೋಲೆಯ ನಿವೃತ್ತ ಮೇಲ್ವಿಚಾರಕಿ

ಹಿನ್ನೆಲೆಯೆಂದರೆ ಮನೆ ಎಲ್ಲಿದೆ ಎಂಬುದೂ ಸೇರಿತು. ಅಂಗನವಾಡಿಗೆ ಅದೇ ಊರಿನ ಹೆಂಗಸನ್ನೇ ಆರಿಸುವ ನಿಯಮವನ್ನು ನಾವೆಲ್ಲ ಎಷ್ಟೋ ಸಲ ಬೈದುಕೊಂಡಿದ್ದೇವೆ, ಹೆಚ್ಚು ಓದಿದವರು ಪಕ್ಕದ ಊರಿನಲ್ಲಿದ್ದರೂ ತೆಗೆದುಕೊಳ್ಳಲಾಗುತ್ತಿರಲಿಲ್ಲ. ಆದರೆ 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋದಾಗ, ಮರುತಿಂಗಳು ಕಾಳಿ ನದಿಯ ಹಳೆಯ ಸೇತುವೆ ಬಿದ್ದಾಗ, ಬಸ್ಸು ಹತ್ತಿ ಕೆಲಸಕ್ಕೆ ಬರುವವರು ದಾರಿಯಲ್ಲಿಯೇ ಉಳಿದರು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಕರಾವಳಿಯಲ್ಲಿ ಹೀಗೆಯೇ. ಕೇಂದ್ರದಲ್ಲಿ ಕನಿಷ್ಠ ಇಬ್ಬರಾದರೂ ನಡೆದು ಬರುವಷ್ಟು ಹತ್ತಿರದವರಿರಲಿ, ಅವರಲ್ಲಿ ಒಬ್ಬರ ಬಳಿ ಬೀಗದ ಕೈ ಇರಲಿ, ಪ್ರಥಮ ಚಿಕಿತ್ಸೆಯ ತರಬೇತಿ ಆಗಿರಲಿ.

ಸಂಖ್ಯೆಯನ್ನೂ ಮರೆಯಬೇಡಿ. ಕೇಂದ್ರ ಸರ್ಕಾರದ ಗುಣಮಟ್ಟದ ಮಾನದಂಡದಲ್ಲಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ದೊಡ್ಡವರಿರಬೇಕು ಎಂದಿದೆ. ಎಷ್ಟೇ ಓದಿದವರನ್ನು ತಂದರೂ 30 ಮಕ್ಕಳ ನಡುವೆ ಒಬ್ಬರನ್ನು ನಿಲ್ಲಿಸಿದರೆ ಅವರು ಮಾಡಬಲ್ಲದ್ದು ಎಣಿಸುವುದಷ್ಟೇ.

ಕೋಡಿಬಾಗದ ಉಪನ್ಯಾಸಕಿ

ಎರಡು ದಿನದ ಚರ್ಚೆಯ ನಂತರ ಕರಡನ್ನು ತಿದ್ದಿದ್ದೇನೆ, ಸಮಿತಿಯ ಸದಸ್ಯರೂ ನೋಡಿ ಒಪ್ಪಿದ್ದಾರೆ. ಮುಖ್ಯಸ್ಥರಿಗೆ ಮಾನವ ಅಭಿವೃದ್ಧಿ ಅಥವಾ ಶಿಶುಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ, ಆರು ವರ್ಷದೊಳಗಿನ ಮಕ್ಕಳೊಡನೆ ಐದು ವರ್ಷ ನೇರವಾಗಿ ಕೆಲಸ ಮಾಡಿದ ಅನುಭವ, ವಾರಕ್ಕೆ ಹತ್ತು ಗಂಟೆ ಮಕ್ಕಳ ಕೋಣೆಯಲ್ಲಿರುವ ಹೊಣೆ ಎಂದಾಗಿದೆ. ಯಾರಿಗೂ ಹೆಚ್ಚುವರಿ ಪ್ರಭಾರ ಕೊಡತಕ್ಕದ್ದಲ್ಲ ಎಂಬ ವಾಕ್ಯವನ್ನು ಪ್ರತ್ಯೇಕವಾಗಿ ಸೇರಿಸಿದ್ದೇವೆ. ಸಂಶೋಧನೆಗೆ ಬೇರೆಯಾಗಿ ಒಬ್ಬ ಸಲಹೆಗಾರರಿರುತ್ತಾರೆ, ಅವರು ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಮಕ್ಕಳ ಬಳಿ ಹೋಗುವಂತಿಲ್ಲ. ಶಿಕ್ಷಕಿಯರಿಗೆ ಬಿ.ಎಡ್‌. ಬದಲು ಪೂರ್ವ ಪ್ರಾಥಮಿಕ ಡಿಪ್ಲೊಮಾ. ಆಯಾ ಎಂಬ ಪದವನ್ನು ತೆಗೆದು ಸಹಾಯಕ ಶಿಕ್ಷಕಿ ಎಂದು ಬರೆದು, ಹತ್ತನೆಯ ತರಗತಿ, ಕೊಂಕಣಿ ಅಥವಾ ಮಕ್ಕಳ ಮನೆಮಾತುಗಳಲ್ಲಿ ಒಂದು, ಸೇರಿದ ಮೊದಲ ವರ್ಷದಲ್ಲಿ ಸಂಸ್ಥೆಯ ಖರ್ಚಿನಲ್ಲಿಯೇ ತರಬೇತಿ ಎಂದು ಸೇರಿಸಿದೆವು. ಪೋಷಕರಿಗೆ ಕೊಡುವ ಪರಿಚಯದ ಹಾಳೆಯಲ್ಲಿ ಅಡುಗೆಯವರ ತನಕ ಎಲ್ಲರ ಹೆಸರೂ ಸೇರಿದ ವರ್ಷವೂ ಇರುತ್ತದೆ.

ಸಂಬಳದ ಸಾಲು ಮಾತ್ರ ಇನ್ನೂ ಖಾಲಿ. ಸಹಾಯಕ ಶಿಕ್ಷಕಿಯರನ್ನು ಹೊರಗುತ್ತಿಗೆಯಲ್ಲಿ ತೆಗೆದುಕೊಳ್ಳೋಣವೆಂದು ಲೆಕ್ಕಪತ್ರ ವಿಭಾಗದವರು ಹೇಳುತ್ತಿದ್ದಾರೆ.

ಕುಮಟೆಯ ಹಳೆಯ ಮಾಸ್ತರು

ಹೊರಗುತ್ತಿಗೆಯೆಂದರೆ ಹನ್ನೊಂದು ತಿಂಗಳಿಗೊಮ್ಮೆ ಹೊಸ ಮುಖ. ನೀವು ಇಷ್ಟು ಹೊತ್ತು ಬರೆದ ಅರ್ಹತೆಗಳೆಲ್ಲ ಆ ಒಂದು ಪದದಲ್ಲಿ ಹೋಗುತ್ತವೆ. ಅದಕ್ಕೆ ಸಹಿ ಹಾಕಬೇಡಿ.

ಶಿರಸಿಯ ಗೃಹವಿಜ್ಞಾನ ಪದವೀಧರೆ

ಸಂದರ್ಶನದ ಕ್ರಮವನ್ನೂ ಬರೆಯಿರಿ. ಮೇಜಿನಾಚೆ ಕೂರಿಸಿ ಪ್ರಶ್ನೆ ಕೇಳಿದರೆ ನಿಮಗೆ ಏನೂ ತಿಳಿಯುವುದಿಲ್ಲ. ಪೋಷಕರ ಒಪ್ಪಿಗೆ ಪಡೆದು ಅಭ್ಯರ್ಥಿಗಳನ್ನು ಅರ್ಧ ದಿನ ಮಕ್ಕಳ ನಡುವೆ ಬಿಡಿ, ಮೂಲೆಯಲ್ಲಿ ಈ ಕೆಲಸ ಗೊತ್ತಿರುವವರೊಬ್ಬರು ಸುಮ್ಮನೆ ಕುಳಿತು ನೋಡಲಿ. ಮುಖ್ಯಸ್ಥರ ಹುದ್ದೆಗೂ ಇದೇ ಕ್ರಮವಿರಲಿ.

ಕೋಡಿಬಾಗದ ಉಪನ್ಯಾಸಕಿ

ಸೇರಿಸುತ್ತೇನೆ. ಹೊರಗುತ್ತಿಗೆಯ ಟಿಪ್ಪಣಿಗೆ ನನ್ನ ಭಿನ್ನಾಭಿಪ್ರಾಯವನ್ನು ಬರೆದು ಕೊಟ್ಟಿದ್ದೇನೆ, ಗುರುವಾರದ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ. ಮೂಲೆಯಲ್ಲಿ ಕುಳಿತು ನೋಡುವವರು ಯಾರೆಂಬುದು ಇನ್ನು ಉಳಿದ ಪ್ರಶ್ನೆ.

ಅಂಕೋಲೆಯ ನಿವೃತ್ತ ಮೇಲ್ವಿಚಾರಕಿ

ಬೇರೆ ಯಾರೂ ಸಿಗದಿದ್ದರೆ ನಾನು ಬರುತ್ತೇನೆ, ಗೌರವಧನ ಬೇಡ. ಬೆಳಗಿನ ಬಸ್ಸು ಹಿಡಿದರೆ ಮಕ್ಕಳು ಬರುವ ಹೊತ್ತಿಗೆ ಕಾರವಾರದಲ್ಲಿರುತ್ತೇನೆ. ನನಗೆ ಕುರ್ಚಿ ಇಡಬೇಡಿ, ಮಂಡಿ ನೋವಿದ್ದರೂ ನೆಲದ ಮೇಲೆಯೇ ಕೂರುತ್ತೇನೆ, ಕುರ್ಚಿಯಲ್ಲಿ ಕುಳಿತವರನ್ನು ಕಂಡರೆ ಮಕ್ಕಳೂ ಅಭ್ಯರ್ಥಿಗಳೂ ಒಂದೇ ರೀತಿ ನಟಿಸತೊಡಗುತ್ತಾರೆ.